ಗೂಟ ಹಿಡಿದು ಹಾಡಿದವಳು

ನಮ್ಮ ಅತ್ತೆ ದಾನವ್ವನಿಗೆ ಎದೆ ಹೊಡೆದುಕೊಳ್ಳುವ ರೋಗ ಹತ್ತಿದ್ದು ಹಿಟ್ಟಿನ ಗಿರಣಿಯಿಂದ. ಹೀಗಂದರೆ ಡಾಕ್ಟರು ಒಪ್ಪುತ್ತಿರಲಿಲ್ಲ. ಒಪ್ಪದಿದ್ದರೆ ಬಿಡಲಿ, ಅವರೇನು ನಮ್ಮ ಮನೆಯಲ್ಲಿ ಇದ್ದು ನೋಡಿದವರೇ? ಟಾಂಗಾದಲ್ಲಿ ಬಂದರು, ನಾಡಿ ಹಿಡಿದರು, ನಾಲಗೆ ಚಾಚಿಸಿದರು, ಕೆಂಪು ಔಷಧದ ಬಾಟಲಿ ಕೊಟ್ಟು ಹೋದರು. ಮನೆಯಲ್ಲಿ ಇದ್ದವಳು ನಾನು, ಗುಡ್ಡವ್ವ, ಆಕೆಯ ಒಬ್ಬಳೇ ಸೊಸೆ. ಆಕೆಯ ಎದೆ ಹೊಡೆದುಕೊಳ್ಳುವ ಮೊದಲು ಬಾಯಿ ಹೊಡೆದುಕೊಳ್ಳುತ್ತಿತ್ತು, ಅದನ್ನು ಕೇಳಿಸಿಕೊಂಡವಳೂ ನಾನೇ. ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತನ್ನೇ ನಂಬಬೇಕು.

ನಾನು ಸುಳ್ಳ ಎಂಬ ಹಳ್ಳಿಯಿಂದ ಹುಬ್ಬಳ್ಳಿಗೆ ಸೊಸೆಯಾಗಿ ಬಂದಾಗ ನಮ್ಮ ಮನೆ ಅರಳೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಪಕ್ಕದಲ್ಲಿ ಅಂಟಿಕೊಂಡಂತೆ ಸಂಗವ್ವನ ಮನೆ. ನಡುವೆ ಒಂದೇ ಮಣ್ಣಿನ ಗೋಡೆ, ಹಿತ್ತಲಲ್ಲಿ ಇಬ್ಬರಿಗೂ ಸೇರಿದ ಒಂದೇ ಬಾವಿ. ಈ ಕಡೆ ಯಾರಾದರೂ ಕೆಮ್ಮಿದರೆ ಆ ಕಡೆಯಿಂದ "ಯಾರಿಗವ್ವಾ ನೆಗಡಿ?" ಎಂದು ಕೇಳುತ್ತಿದ್ದರು. ಹಳ್ಳಿಯಿಂದ ಬಂದ ನನಗೆ ಪೇಟೆಯೆಂದರೆ ಯಾರಿಗೂ ಯಾರೂ ಬೇಡವಾದ ಜಾಗ ಎಂಬ ಹೆದರಿಕೆಯಿತ್ತು. ಬಂದ ಮೊದಲ ವಾರದಲ್ಲೇ ಆ ಹೆದರಿಕೆ ಹೋಗಿ, ಇಲ್ಲಿ ಗುಟ್ಟಾಗಿ ಒಂದು ಸೀನು ಕೂಡ ಸೀನಲಾಗದಲ್ಲಾ ಎಂಬ ಬೇರೆ ಹೆದರಿಕೆ ಬಂತು.

ಅತ್ತೆ ಎತ್ತರದ ಹೆಂಗಸು. ಸಣ್ಣ ಮೈ, ಹಣೆಯ ತುಂಬ ವಿಭೂತಿ, ಓಣಿಯ ಆ ತುದಿಗೂ ಕೇಳುವ ದನಿ. ಆಕೆಯ ಹೊಟ್ಟೆಯಲ್ಲಿ ಒಂದು ಮಾತು ಉಳಿಯುತ್ತಿರಲಿಲ್ಲ. ಗಂಡ ಪೇಟೆಯಲ್ಲಿ ಅರಳೆ ತೂಗುವ ಕೆಲಸದಲ್ಲಿದ್ದವರು, ಚಿಕ್ಕ ವಯಸ್ಸಿಗೇ ತೀರಿಕೊಂಡರು. ಕಂಕುಳಲ್ಲಿ ಮಗ ಕುಬೇರಪ್ಪ, ಅಂದರೆ ನಮ್ಮ ಯಜಮಾನರು. ಅತ್ತೆ ಮಂದಿ ಮನೆಯ ಜೋಳ ಬೀಸಿಕೊಟ್ಟು ಆ ಮಗನನ್ನು ಸಾಕಿದಳು, ಸಾಲಿ ಕಲಿಸಿದಳು, ಅರಳೆಯ ದಲಾಲಿ ಮಾಡುವ ಅಡತಿ ಅಂಗಡಿಯಲ್ಲಿ ಗುಮಾಸ್ತನಾಗುವ ತನಕ ತಂದಳು.

ಆ ಕಷ್ಟದ ದಿನಗಳಲ್ಲಿಯೇ ಒಂದು ಬೆಳಗ್ಗೆ ಪಕ್ಕದ ಮನೆಯ ಸಂಗವ್ವ ಜೋಳದ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಹಿತ್ತಲ ಬಾಗಿಲಿಗೆ ಬಂದು ನಿಂತಳಂತೆ. "ನಮ್ಮ ಕಲ್ಲು ಸವದೈತಿ. ನಿಮ್ಮ ಕಲ್ಲಿನಾಗ ಬೀಸಿಕೊಳ್ಳಲೇನ?" ಎಂದಳಂತೆ. ಸಂಗವ್ವನದು ಗಿಡ್ಡ ಆಳ್ತನ, ದುಂಡು ಮುಖ, ಗಟ್ಟಿ ತೋಳು, ಮಾತು ಬಹಳ ಕಡಿಮೆ. ಅವತ್ತು ಕೂತವಳು ಎದ್ದು ಹೋಗುವಾಗ ತನ್ನ ಜೋಳದ ಜೊತೆಗೆ ಅತ್ತೆ ಒಪ್ಪಿಕೊಂಡಿದ್ದ ಮಂದಿ ಜೋಳವೂ ಬೀಸಿ ಮುಗಿದಿತ್ತು. ಮಾರನೆಯ ದಿನವೂ ಬಂದಳು. ಆಮೇಲೆ ಬರುತ್ತಲೇ ಇದ್ದಳು. ಸವೆದ ಕಲ್ಲನ್ನು ಉಳಿಯಿಂದ ಕಡಿದು ಮುಳ್ಳು ಹೊಡೆಯುವವರು ಓಣಿಯಲ್ಲಿ ಕೂಗುತ್ತ ಹೋದರೂ ಆಕೆ ಕರೆಯಲಿಲ್ಲ, ಅತ್ತೆ ಕೇಳಲಿಲ್ಲ.

ಬೀಸುವುದನ್ನು ನೋಡದವರಿಗೆ ಹೇಳುತ್ತೇನೆ. ಕಲ್ಲಿನ ಎರಡೂ ಬದಿಗೆ ಎದುರುಬದುರು ಕಾಲು ಚಾಚಿ ಕೂರಬೇಕು. ಮೇಲಿನ ಕಲ್ಲಿಗೆ ಒಂದು ಕಟ್ಟಿಗೆಯ ಗೂಟ. ಇಬ್ಬರೂ ಅದೇ ಗೂಟ ಹಿಡಿದು ತಿರುವಬೇಕು, ಒಬ್ಬಳು ಎಡಗೈಯಿಂದ ಮುಷ್ಟಿ ಮುಷ್ಟಿ ಜೋಳ ಹಾಕುತ್ತಿರಬೇಕು. ಮುಖಕ್ಕೆ ಮುಖ, ಕೈಗೆ ಕೈ. ಇಷ್ಟು ಹತ್ತಿರ ದಿನಾ ಕೂತ ಮೇಲೆ ಮಾತು ಬರದೆ ಇರುತ್ತದೆಯೇ? ಅತ್ತೆ ಹಾಡುತ್ತಿದ್ದಳು. ದೇವರ ಪದದಿಂದ ಸುರು ಮಾಡಿ, ಆಮೇಲೆ ಮನೆಯ ಸುದ್ದಿಯನ್ನೆಲ್ಲ ಅಲ್ಲೇ ಪದ ಕಟ್ಟಿ ಹಾಡಿಬಿಡುತ್ತಿದ್ದಳು. ಸಂಗವ್ವ "ಹೂಂ" ಅನ್ನುತ್ತ ತಿರುವುತ್ತಿದ್ದಳು. ನಾನು ಬಂದ ಹೊಸತರಲ್ಲಿ ಇನ್ನೂ ಹಾಸಿಗೆಯಲ್ಲಿರುವಾಗ ಪಕ್ಕದ ಕೋಣೆಯಿಂದ ಈ ಪದ ಕೇಳಿತು:

ಸೊಸಿ ಮಾಡಿದ ಸಾರ ಸೊಗಸೈತಿ ನೋಡವ್ವ
ಉಪ್ಪೆಲ್ಲಿ ಅಂತ ಹುಡುಕೇನ, ಅದು ಹುಡುಗೀಯ
ತವರೀಗೆ ಹೋಗಿ ಕುಂತೈತಿ

ಎಷ್ಟು ಸಿಟ್ಟು ಬಂತೆಂದರೆ ಗಂಟು ಕಟ್ಟಿಕೊಂಡು ನಾನೂ ಉಪ್ಪಿನ ಹಿಂದೆಯೇ ತವರಿಗೆ ಹೋಗಿಬಿಡೋಣ ಅನ್ನಿಸಿತು. ಆದರೆ ಬರಬರುತ್ತ ಒಂದು ಸಂಗತಿ ತಿಳಿಯಿತು. ಬೆಳಗ್ಗೆ ಕಲ್ಲಿನ ಮುಂದೆ ಹಾಡಿದ್ದನ್ನು ಅತ್ತೆ ಆಮೇಲೆ ನನ್ನ ಮುಖಕ್ಕೆ ಅನ್ನುತ್ತಿರಲಿಲ್ಲ. ಅಲ್ಲಿಗೆ ಅದು ಮುಗಿಯುತ್ತಿತ್ತು. ಬೀಸಿ ಎದ್ದವಳು ಸೀರೆಯ ಹಿಟ್ಟು ಕೊಡವಿ, ಬೆನ್ನು ನೆಟ್ಟಗೆ ಮಾಡಿ, "ಏಳವ್ವಾ, ಚಹಾ ಇಡು" ಎಂದು ನಗುನಗುತ್ತಲೇ ಎಬ್ಬಿಸುತ್ತಿದ್ದಳು. ಎರಡು ರೊಟ್ಟಿ ಹೆಚ್ಚೇ ತಿನ್ನುತ್ತಿದ್ದಳು. ಮಧ್ಯಾಹ್ನ ನೆಲಕ್ಕೆ ತಲೆ ಕೊಟ್ಟರೆ ಸಾಕು, ಗೊರಕೆ. ಆ ವಯಸ್ಸಿನಲ್ಲಿ ತಲೆನೋವು ಅಂದವಳಲ್ಲ, ಹೊಟ್ಟೆನೋವು ಅಂದವಳಲ್ಲ. ಸಂಗವ್ವನೂ ಹಾಗೆಯೇ ಇದ್ದಳು.

ಉಪ್ಪಿನ ಸತ್ಯಾಗ್ರಹದ ಗದ್ದಲ ತಣ್ಣಗಾದ ಮೇಲೆ ನಮ್ಮ ಓಣಿಯ ತಿರುವಿನಲ್ಲಿ ಹುಸೇನಬಾಷಾ ಹಿಟ್ಟಿನ ಗಿರಣಿ ಹಾಕಿದ. ಇಂಜಿನ್ನಿನ ಪುಕುಪುಕು ಸಪ್ಪಳ ಸಂಜೆಯ ತನಕ. ಹುಸೇನಬಾಷಾ ಒಳ್ಳೆಯವನು, ಹೆಂಗಸರು ಬಂದರೆ ಎದ್ದು ನಿಂತು "ಬರ್ರಿ ತಾಯಿ" ಅನ್ನುತ್ತಿದ್ದ. ಅವನದೇನೂ ತಪ್ಪಿಲ್ಲ. ಸಂಗವ್ವನ ಮಗ ಮುರುಗೆಪ್ಪ ಆ ವರ್ಷವೇ ಸ್ವಂತ ಅಡತಿ ಅಂಗಡಿ ತೆಗೆದಿದ್ದ. ಅವನಿಗೆ ಹೊಸ ಅಂಗಡಿಯ ಜೊತೆಗೆ ಹೊಸ ನಾಚಿಕೆಯೂ ಬಂತು.

"ಯವ್ವಾ, ಅಡತಿ ಅಂಗಡಿ ಇಟ್ಟವನ ತಾಯಿ ಬುಟ್ಟಿ ಹೊತಗೊಂಡು ಮಂದಿ ಮನಿಗೆ ಬೀಸಾಕ ಹೋಗ್ತಾಳಂದ್ರ ಪ್ಯಾಟ್ಯಾಗ ನಗ್ತಾರ," ಎಂದ ಅವನು. "ನಾಳಿಂದ ಗಿರಣಿಗೆ ಕಳಸೂಣು."

ಮಗನ ಮಾತಿಗೆ ಸಂಗವ್ವ ಹೂಂ ಅಂದಳು. ಎಲ್ಲರಿಗೂ ಹೂಂ ಅಂದೇ ರೂಢಿ ಆಕೆಗೆ. ಆದರೆ ಅತ್ತೆಗೆ ಬಂದು ಒಂದು ಮಾತು ಹೇಳಬೇಕಿತ್ತಲ್ಲ, ಅದಕ್ಕೆ ಬಾಯಿ ಬರಲಿಲ್ಲ. ಸುಮ್ಮನೆ ಬರುವುದನ್ನು ಬಿಟ್ಟಳು.

ಆ ಬೆಳಗ್ಗೆ ಅತ್ತೆ ದೀಪ ಹಚ್ಚಿಕೊಂಡು ಕಲ್ಲಿನ ಮುಂದೆ ಕೂತಳು. ಗೂಟ ಹಿಡಿದು ಹಿತ್ತಲ ಬಾಗಿಲ ಕಡೆಗೆ ನೋಡುತ್ತ ಕೂತಳು. ಬೆಳಕು ಹರಿಯಿತು, ರೇಲ್ವೆ ಕಾರ್ಖಾನೆಯ ಸೀಟಿಯೂ ಆಯಿತು. "ಗುಡ್ಡವ್ವ, ಆಕಿಗೆ ಜ್ವರಾ ಗಿರಾ ಬಂದಾವೇನ ನೋಡಿ ಬಾ. ಒಬ್ಬಾಕಿನ ನರಳಾಕತ್ತಿದ್ದಾಳು" ಎಂದಳು. ನಾನು ಹೋದೆ. ಸಂಗವ್ವ ನನ್ನ ಮುಖ ನೋಡದೆ ಡಬ್ಬಿಯಿಂದ ಹಿಟ್ಟು ತೆಗೆದು ನಾದುತ್ತಿದ್ದಳು. ಡಬ್ಬಿ ಗಿರಣಿಯಿಂದ ಬಂದದ್ದು. ಬಂದು ಇದ್ದದ್ದನ್ನು ಹೇಳಿದೆ.

ಅತ್ತೆ ಸುಮ್ಮನಿದ್ದಿದ್ದರೆ ಅವಳು ದಾನವ್ವನೇ ಅಲ್ಲ. ಸೀದಾ ಬಾವಿಕಟ್ಟೆಗೆ ಹೋಗಿ ನಿಂತು, ಬಾವಿಗೆ ಹೇಳುವವಳಂತೆ ಕೂಗಿದಳು: "ಇಂಜಿನ್ ಹಿಟ್ಟಿನ ರೊಟ್ಟಿ ನಾಯೀನೂ ಮೂಸಿ ನೋಡೂದಿಲ್ಲ! ದೊಡ್ಡವರಾಗ್ಯಾರ, ತಿನ್ಲಿ! ಹೇಳಿ ಬಿಡಾಕ ಬಾಯಿ ಇರಲಿಲ್ಲೇನ? ಇಷ್ಟು ವರ್ಷ ನನ್ನ ಕಲ್ಲು ಬೇಕಾಗಿತ್ತ, ಈಗ ಬ್ಯಾಡಾತು!"

ಸಂಗವ್ವನಂಥ ಮಾತಿಲ್ಲದವರು ಮಾತಾಡಿದರೆ ಬಹಳ ಕೆಟ್ಟದ್ದು. ಆಕೆ ಒಳಗಿನಿಂದ ಬಂದಳು, ನನ್ನನ್ನು ನೋಡಿದಳು, ಅತ್ತೆಯನ್ನು ನೋಡಲಿಲ್ಲ. ಸಣ್ಣ ದನಿಯಲ್ಲಿ ಎಂದಳು: "ಇಷ್ಟು ವರ್ಷಾನೂ ಕಲ್ಲು ತಿರುವಿದಾಕಿ ನಾ. ಆಕಿ ಬರೇ ಗೂಟ ಹಿಡಕೊಂಡು ಹಾಡ್ಯಾಳ."

ಅತ್ತೆ ಒಳಗೆ ಬಂದು ಕಂಬಕ್ಕೆ ಒರಗಿ ಕೂತಳು. "ಗೂಟ ಹಿಡಕೊಂಡು ಹಾಡ್ಯಾಳಂತ," ಎಂದಳು. ಮತ್ತೆ, "ಹಾಡ್ಯಾಳಂತ."

ಅಂದಿನಿಂದ ಹಟ ಸುರುವಾಯಿತು. "ನಾ ಒಬ್ಬಾಕಿನ ಬೀಸ್ತೇನಿ. ಯಾರ ತಿರುವ್ತಾರ, ಯಾರ ಹಾಡ್ತಾರ, ಗ್ವಾಡಿ ಆಚೀಕಿನವರಿಗೂ ಕೇಳ್ಲಿ!" ನಾನು ಎದುರಿಗೆ ಕೂರಲು ಹೋದರೆ ಬೈದು ಎಬ್ಬಿಸಿದಳು. ಅದು ಸಂಗವ್ವನ ಜಾಗ, ಅಲ್ಲಿ ಯಾರೂ ಕೂರಬಾರದು ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕಣ್ಣಲ್ಲಿ ಅದೇ ಇತ್ತು. ಇಬ್ಬರ ಕಲ್ಲು ಒಬ್ಬಳ ಕೈಗೆ ಜಡವಾಗಿತ್ತು. ಅರ್ಧ ಪದ ಹಾಡಿ ತೇಕು ಬಂದು ನಿಲ್ಲುತ್ತಿದ್ದಳು. ಆಮೇಲೆ ಹಾಡುವುದನ್ನೇ ಬಿಟ್ಟಳು. ಬರೀ ಕಲ್ಲಿನ ಸಪ್ಪಳ, ನಡುವೆ ಉಸಿರು ಎಳೆದುಕೊಳ್ಳುವ ಸಪ್ಪಳ.

ಮುಂಗೈ ಬಾತುಕೊಂಡಿತು, ಭುಜ ಹಿಡಿದುಕೊಂಡಿತು. ಅದು ಹೋಗಲಿ, ಎಣ್ಣೆ ತಿಕ್ಕಿದರೆ ಇಳಿಯುವಂಥದು. ನಿದ್ದೆ ಹೋಯಿತಲ್ಲ, ಅದಕ್ಕೆ ಏನನ್ನು ತಿಕ್ಕಬೇಕು? ಕೂತಲ್ಲಿ ಎದೆ ಡವಡವ ಅನ್ನುತ್ತಿತ್ತು. "ಗುಡ್ಡವ್ವ, ಇಲ್ಲಿ ಕೈ ಇಟ್ಟು ನೋಡು, ಒಳಗ ಯಾರೋ ಕುಟ್ಟಾಕತ್ತಾರ" ಎಂದು ನನ್ನ ಕೈ ಎಳೆದು ಎದೆಗೆ ಇಟ್ಟುಕೊಳ್ಳುತ್ತಿದ್ದಳು. ಇನ್ನು ಬಾಯಿ ಕೇಳಬೇಡಿ. ಕಲ್ಲಿನ ಮುಂದೆ ಇಳಿಯಬೇಕಾದ ಮಾತೆಲ್ಲ ಇಡೀ ದಿನ ನನ್ನ ಮೇಲೆ ಇಳಿಯಿತು. ಸಾರಿಗೆ ಉಪ್ಪು ಕಡಿಮೆ, ಪಲ್ಯಕ್ಕೆ ಉಪ್ಪು ಹೆಚ್ಚು, ನೀರಿಗೆ ಉಪ್ಪು ಯಾಕಿಲ್ಲ! ಪದ ಕಟ್ಟಿ ಹಾಡುತ್ತಿದ್ದಾಗಲೇ ಎಷ್ಟು ಚೆನ್ನಾಗಿತ್ತಲ್ಲ ಅನ್ನಿಸಿತು ನನಗೆ.

ಯಜಮಾನರು ತಾಯಿಯ ಕೈ ನೋಡಲಾರದೆ ಒಂದು ದಿನ ಗುಟ್ಟಾಗಿ ಗಿರಣಿಯ ಹಿಟ್ಟು ತಂದರು. ನಾನು ರೊಟ್ಟಿ ಬಡಿದು ಪುಂಡಿಪಲ್ಯದ ಜೊತೆ ಬಡಿಸಿದೆ. ಒಂದು ತುತ್ತು ಮುರಿದವಳು ತಟ್ಟೆ ಸರಿಸಿದಳು. "ಇದು ಇಂಜಿನ್ ರೊಟ್ಟಿ."

"ಯವ್ವಾ, ಹಂಗೇನಿಲ್ಲ, ತಿನ್ನು," ಎಂದರು ಇವರು.

"ಕುಬೇರಾ, ಆ ಮನಿಯವರು ತಿನ್ನೂ ಹಿಟ್ಟು ಈ ಮನ್ಯಾಗ ಬಂತಂದ್ರ ನಾ ಸೋತಂಗ. ತಗೊಂಡ ಹೋಗು." ಅಂದಿನಿಂದ ನುಚ್ಚು ಮಜ್ಜಿಗೆ ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ರವಿಕೆ ತೋಳಿನಲ್ಲಿ ಜೋತಾಡತೊಡಗಿತು.

ಡಾಕ್ಟರು ಮೊದಲ ಸಲ ಬಂದದ್ದು ಆಗ. "ಎದಿ ದಣದೈತಿ. ಕಲ್ಲು ಮುಟ್ಟಬ್ಯಾಡ್ರಿ, ಚಿಂತಿ ಮಾಡಬ್ಯಾಡ್ರಿ," ಎಂದರು. ಕಲ್ಲನ್ನೇನೋ ಮುಟ್ಟದೆ ಇರಬಹುದು, ಚಿಂತೆಯನ್ನು ಎಲ್ಲಿ ಎತ್ತಿಡಬೇಕು ಎಂದು ಅವರೂ ಹೇಳಲಿಲ್ಲ. ಅತ್ತೆ ಎರಡನ್ನೂ ಬಿಡಲಿಲ್ಲ.

ನನಗೆ ಒಂದೇ ಆಸೆ ಉಳಿದಿತ್ತು, ದಸರೆ. ನಮ್ಮ ಕಡೆ ದಸರೆಯ ಸಂಜೆ ಬನ್ನಿಯ ಎಲೆ ಕೊಟ್ಟು, "ಬನ್ನಿ ತಗೊಂಡು ಬಂಗಾರದಂಗ ಇರೋಣು" ಎಂದರೆ ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಬೇಕು. ಕೋರ್ಟಿಗೆ ಹೋದ ಅಣ್ಣತಮ್ಮಂದಿರು ಕೂಡ ಅವತ್ತು ಬನ್ನಿ ಕೊಡುತ್ತಾರೆ. ಆದರೆ ಪದ್ಧತಿ ಏನೆಂದರೆ, ಸಣ್ಣವರು ದೊಡ್ಡವರ ಮನೆಗೆ ಹೋಗಿ ಕೊಟ್ಟು ಕಾಲಿಗೆ ಬೀಳಬೇಕು. ಮೊದಲೆಲ್ಲ ಇವರಿಬ್ಬರೂ ಕಲ್ಲಿನ ಮುಂದೆ ಕೂತಲ್ಲೇ ಕೈಗೆ ಕೈ ಬದಲಾಯಿಸಿ ಮುಗಿಸಿಬಿಡುತ್ತಿದ್ದರು, ಯಾರು ದೊಡ್ಡವರು ಯಾರು ಸಣ್ಣವರು ಎಂಬ ಮಾತೇ ಹುಟ್ಟಿರಲಿಲ್ಲ. ಈಗ ಹುಟ್ಟಿತು.

"ಆಕಿನ ಬರಬೇಕು. ದೊಡ್ಡ ಬರದಾಗ ನಾ ಅಂಬೆಗಾಲ ಹಾಕತಿದ್ದೆ. ಆಕಿ ಇನ್ನೂ ಹುಟ್ಟಿದ್ದಿಲ್ಲ," ಎಂದಳು ಅತ್ತೆ.

ಬಾವಿಯ ಹತ್ತಿರ ಸಂಗವ್ವ ಯಾರಿಗೋ ಹೇಳುವುದು ಕೇಳಿತು: "ದೊಡ್ಡ ಬರದಾಗ ನಾ ಓಡ್ಯಾಡತಿದ್ದೆ. ಆಕಿ ತೊಟ್ಟಿಲದಾಗ ಇದ್ಳು."

ಲೋಕದ ಹೆಂಗಸರೆಲ್ಲ ವಯಸ್ಸು ಇಳಿಸುತ್ತಾರೆ, ಇವರಿಬ್ಬರು ಏರಿಸುತ್ತ ಹೋದರು. ದಸರೆಯ ದಿನ ಅತ್ತೆ ಮಧ್ಯಾಹ್ನದಿಂದಲೇ ಇಳಕಲ್ಲ ಸೀರೆ ಉಟ್ಟು, ತಟ್ಟೆಯಲ್ಲಿ ಬನ್ನಿ ಇಟ್ಟುಕೊಂಡು ಬಾಗಿಲ ಎದುರಿಗೆ ಕೂತಳು. ಓಣಿಯ ಮಂದಿಯೆಲ್ಲ ಬಂದರು, ಕಾಲಿಗೆ ಬಿದ್ದರು, ಸಿಹಿ ಉಂಡಿ ತಿಂದು ಹೋದರು. ಹೊಸ್ತಿಲಲ್ಲಿ ನೆರಳು ಬಿದ್ದಾಗಲೆಲ್ಲ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಆ ಒಬ್ಬಳು ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ನಾನೇ ತಟ್ಟೆ ಎತ್ತಿಟ್ಟೆ.

ಮಾರನೆಯ ದಿನ ಬೀಸಲು ಕೂತವಳು ಕಲ್ಲಿನ ಮೇಲೆಯೇ ಕುಸಿದಳು. ಡಾಕ್ಟರು ಮತ್ತೆ ಬಂದರು. ಈ ಸಲ ಯಜಮಾನರನ್ನು ಅಂಗಳಕ್ಕೆ ಕರೆದು ಹೇಳಿದರು, "ಎದಿ ಭಾಳ ಸೋತೈತಿ. ಹಿಂಗ ಹೋದ್ರ ಉಳಿಯೂದು ಕಷ್ಟ." ಇವರು ಒಳಗೆ ಬಂದು ಮೇಲಿನ ಕಲ್ಲನ್ನು ಎತ್ತಿ ಗೋಡೆಗೆ ಒರಗಿಸಿಬಿಟ್ಟರು. ಅತ್ತೆ ಮಲಗಿದಲ್ಲಿಂದ ನೋಡಿದಳು, ಬೇಡ ಅನ್ನಲಿಲ್ಲ. ಬೈಯಲಿ, ಉಪ್ಪಿನ ಮಾತು ತೆಗೆಯಲಿ, ಏನಾದರೂ ಅನ್ನಲಿ ಎಂದು ಕಾದೆ. ಊಟ ತಂದರೆ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಅದು ನಡುಗೋಡೆ ಎನ್ನುವುದು ನನಗೆ ಆಮೇಲೆ ಹೊಳೆಯಿತು.

ಕಲ್ಲು ನಿಂತ ಕೆಲವು ದಿನಕ್ಕೆ ನಾನು ನೀರಿಗೆ ಹೋದಾಗ ಸಂಗವ್ವ ಬಾವಿಯ ಹತ್ತಿರ ನಿಂತಿದ್ದಳು. ಅಯ್ಯೋ, ಏನಾಗಿದ್ದಳು ಆ ಹೆಂಗಸು! ಆ ದುಂಡು ಮುಖ ಇಳಿದುಹೋಗಿತ್ತು, ಕಣ್ಣ ಸುತ್ತ ಕಪ್ಪು. ಹೊಟ್ಟೆಗೆ ಕೈ ಒತ್ತಿಕೊಂಡು ನಿಂತಿದ್ದಳು. ಗಿರಣಿಯ ಹಿಟ್ಟು ತಿಂದು ಸುಖವಾಗಿದ್ದಾಳೆ ಎಂದುಕೊಂಡಿದ್ದೆ ನಾನು.

"ಗುಡ್ಡವ್ವ, ನಿಮ್ಮ ಕಲ್ಲು ಯಾಕ ಸುಮ್ಮನಾತು?"

"ಕಲ್ಲಿನ ಚಿಂತಿ ನಿಮಗ್ಯಾಕ್ರಿ ಸಂಗವ್ವತ್ತಿ? ನಿಮ್ಮ ಹಿಟ್ಟು ಇಂಜಿನ್ನಿನಾಗ ಬರತೈತಿ."

ಆಕೆಗೆ ಸಿಟ್ಟು ಬರಲಿಲ್ಲ. "ಬೀಸೂ ಹೊತ್ತಿಗೆ ದಿನಾ ಎಚ್ಚರಾಗತೈತಿ," ಎಂದಳು. "ಗ್ವಾಡಿಗೆ ಕಿವಿ ಹಚ್ಚಿ ಮಲಗಿರ್ತೇನಿ. ಕಲ್ಲಿನ ಸಪ್ಪಳ ಬಂತಂದ್ರ, ಎದ್ದಾಳ, ಬೀಸಾಕತ್ತಾಳ ಅಂತ ಜೀವಕ್ಕ ಸಮಾಧಾನ ಆಗತಿತ್ತು. ನಡುವ ನಿಂದ್ರಿಸಿ ತೇಕತಿದ್ಳು. ಅದೂ ಕೇಳತಿತ್ತು. ಎದ್ದು ಹೋಗಿ ಗೂಟಕ್ಕ ಕೈ ಹಚ್ಚಲೇನು ಅನ್ನಸತಿತ್ತು. ಈಗ ಏನೂ ಕೇಳಂಗಿಲ್ಲ. ನಿದ್ದಿ ಇಲ್ಲ. ಅನ್ನಾ ಸೇರವಲ್ದು."

ಆಕೆ ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಮರುಗಬೇಕಿತ್ತು ನಾನು. ಆದರೆ ಸಿಟ್ಟು ಬಂತು, ಎಲ್ಲಿತ್ತೋ ಅಷ್ಟು ಸಿಟ್ಟು. "ಹಂಗಾರ ಒಂದ ಸರ್ತಿ ಒಳಗ ಬಂದು ನೋಡಿದ್ರ ಕಾಲು ಸವೀತಿದ್ದೂವೇನ್ರಿ?" ಎಂದೆ.

"ದಸರಾಕ್ಕ ಆಕಿ ಬರ್ತಾಳ ಅಂತ ಕುಂತಿದ್ದೆ."

"ಆಕಿನೂ ಹಂಗ ಕುಂತಿದ್ಳು! ಕುಂದರ್ರಿ, ಇಬ್ಬರೂ ಹಂಗ ಕುಂದರ್ರಿ! ಒಬ್ಬಾಕಿ ಸತ್ತ ಮ್ಯಾಲ ಉಳದಾಕಿ ದೊಡ್ಡಾಕಿ ಆಗ್ಲಿ. ಡಾಕ್ಟರ ಮಾತು ಕೇಳಿದ್ರ ನೀವ ಗೆಲ್ಲತೀರಿ. ಭಾಳ ದಿನಾ ಕಾಯೂದೂ ಬ್ಯಾಡ!"

ಆಕೆಯ ಕೈಯಲ್ಲಿದ್ದ ಕೊಡ ಕಟ್ಟೆಯ ಮೇಲೆ ಬಿತ್ತು. ನಾನು ನೀರನ್ನೂ ಸೇದದೆ ಒಳಗೆ ಬಂದು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ.

ಮಾರನೆಯ ಬೆಳಗ್ಗೆ ಇನ್ನೂ ಮಬ್ಬು ಇರುವಾಗಲೇ ಹಿತ್ತಲ ಬಾಗಿಲು ಬಡಿದ ಸಪ್ಪಳ. ತೆಗೆದರೆ ಸಂಗವ್ವ, ಸೊಂಟದ ಮೇಲೆ ಜೋಳದ ಬುಟ್ಟಿ. ನನ್ನನ್ನು ಏನೂ ಕೇಳಲಿಲ್ಲ. ಒರಗಿಸಿದ್ದ ಕಲ್ಲನ್ನು ತೋರಿಸಿ "ಹಿಡಿ" ಎಂದಳು. ಇಬ್ಬರೂ ಎತ್ತಿ ಕೂಡಿಸಿದೆವು. ತನ್ನ ಬದಿಗೆ ಕಾಲು ಚಾಚಿ ಕೂತು, ಒಂದು ಮುಷ್ಟಿ ಜೋಳ ಹಾಕಿ, ಒಬ್ಬಳೇ ತಿರುವತೊಡಗಿದಳು. ಸೊರಗಿದ ಕೈ. ಕಲ್ಲು ಒಂದು ಸುತ್ತು ಓಡಿದರೆ ಇನ್ನೊಂದು ಸುತ್ತಿಗೆ ತಡೆದು ಗರಗರ ಅನ್ನುತ್ತಿತ್ತು.

ಒಳಗಿನಿಂದ ಎಷ್ಟೋ ದಿನಗಳ ಮೇಲೆ ಅತ್ತೆಯ ಗದರಿಕೆ ಕೇಳಿತು. "ಗುಡ್ಡವ್ವ! ಕಲ್ಲು ಯಾಕ ಹಾಳ ಮಾಡಾಕತ್ತಿ? ಮುಷ್ಟಿ ಸಣ್ಣದ ಹಾಕು!"

"ನಾ ಅಲ್ರಿ ಅತ್ತಿ," ಎಂದೆ.

ಹಾಸಿಗೆ ಸರಿದ ಸಪ್ಪಳ, ಗೋಡೆಗೆ ಕೈ ಊರಿ ಬರುವ ಸಪ್ಪಳ. ಅತ್ತೆ ಬಾಗಿಲಲ್ಲಿ ಬಂದು ನಿಂತಳು. ಹಿಡಿದುಕೊಳ್ಳಲು ಹೋದ ನನ್ನನ್ನು ಕೈಯಿಂದ ತಡೆದಳು. ಸಂಗವ್ವ ಎದ್ದಳು. ಸೆರಗಿನ ತುದಿಯ ಗಂಟು ಬಿಚ್ಚಿ ಒಣಗಿ ಪುಡಿಯಾಗತೊಡಗಿದ್ದ ಬನ್ನಿಯ ಎಲೆ ತೆಗೆದಳು.

"ತಗೊ. ಬನ್ನಿ ತಗೊಂಡು ಬಂಗಾರದಂಗ ಇರೋಣು. ನೀ ದೊಡ್ಡಾಕಿ," ಎಂದು ಬಾಗಿದಳು.

ಅತ್ತೆ ಗಡಬಡಿಸಿ ಕಾಲು ಹಿಂದಕ್ಕೆ ಎಳೆದುಕೊಂಡಳು. "ಏ ಹುಚ್ಚಿ, ಕಾಲ ಮುಟ್ಟಬ್ಯಾಡ! ನೀ ದೊಡ್ಡಾಕಿ. ಬರದಾಗ ನೀ ಓಡ್ಯಾಡತಿದ್ದಿ."

"ಅದು ಸುಳ್ಳ ಹೇಳಿದ್ದೆ."

"ನಾ ಏನ ಖರೇ ಹೇಳಿದ್ನೇನ? ನನಗೇನ ನೆನಪೈತಿ ಬರದ್ದು!"

"ನೀನ ದೊಡ್ಡಾಕಿ ಅಂದ್ರ ದೊಡ್ಡಾಕಿ!"

"ನನ್ನ ಮನ್ಯಾಗ ಬಂದು ನನಗ ಜೋರ ಮಾಡಬ್ಯಾಡ, ನಾ ಸಣ್ಣಾಕಿ!"

ನೋಡಿದಿರಾ? ಸಣ್ಣವರಾಗಲಿಕ್ಕೂ ಜಗಳ. ಕೊನೆಗೆ ನಿಲ್ಲಲಾರದೆ ಅತ್ತೆ ಕಲ್ಲಿನ ಈ ಬದಿಗೆ ಕುಸಿದು ಕೂತಳು, ಸಂಗವ್ವ ಆ ಬದಿಗೆ ಕೂತಳು. ಕೊಡುವ ಕೊಳ್ಳುವ ಎಳೆದಾಟದಲ್ಲಿ ಬನ್ನಿಯ ಎಲೆಗಳು ಇಬ್ಬರ ಕೈಯಲ್ಲೂ ಇಷ್ಟಿಷ್ಟು ಉಳಿದಿದ್ದವು.

ಅತ್ತೆ ಗೂಟ ಮುಟ್ಟಿ ಹೇಳಿದಳು, "ನೀ ಅಂದಿದ್ದು ಖರೇ ಐತಿ ಸಂಗವ್ವ. ಒಬ್ಬಾಕಿನ ಕುಂತಾಗ ತಿಳೀತು. ತಿರುವತಿದ್ದಾಕಿ ನೀನ. ನಿಮ್ಮ ಕಲ್ಲು ಸವದಿದ್ದಿಲ್ಲ ಅನ್ನೂದೂ ನನಗ ಮೊದಲಿಂದ ಗೊತ್ತಿತ್ತು. ಮಂದಿ ಜೋಳ ಬೀಸಿ ನಾ ಸತ್ತೇನು ಅಂತ ಬಂದಿದ್ದಿ. ಒಂದ ದಿನಾನೂ ಅದನ್ನ ಬಾಯಿ ಬಿಟ್ಟು ಅನ್ನಲಿಲ್ಲ ನಾ. ಇಷ್ಟ ದೊಡ್ಡ ಬಾಯಿ ಇಟಗೊಂಡು!"

"ನಾ ಬಂದಿದ್ದು ನಿನ್ನ ಸಂಬಂಧ ಅಷ್ಟ ಅಲ್ಲ," ಎಂದಳು ಸಂಗವ್ವ. "ನಮ್ಮ ಮನ್ಯಾಗ ಹೂಂ ಅಂದ ಬಾಳ್ವಿ ಮಾಡೇನಿ. ಅತ್ತಿಗೆ ಹೂಂ, ಗಂಡಗ ಹೂಂ, ಈಗ ಮಗಗ ಹೂಂ. ನೀ ಹಾಡಿದ್ರ ನನ್ನ ಹೊಟ್ಟ್ಯಾಗಿನ ಬ್ಯಾನಿನೂ ಹೊರಗ ಬೀಳತಿತ್ತು. ಅಷ್ಟಕ್ಕ ಬರತಿದ್ದೆ." ಗೂಟಕ್ಕೆ ಕೈ ಹಾಕಿ ಎಂದಳು, "ನೀ ಹಾಡು. ತಿರುವಾಕ ನಾ ಅದೇನಿ."

ಅತ್ತೆ ಹಾಡಿದಳು. ಒಡೆದ ದನಿ, ನಡುನಡುವೆ ಉಸಿರು. ಸಾವಿನ ಬಾಗಿಲ ತನಕ ಹೋಗಿ ಎದ್ದು ಬಂದವಳಿಗೆ ಮೊದಲು ನೆನಪಾದ ಪದ ಯಾವುದಿರಬೇಕು ಹೇಳಿ? ಸೊಸೆಯ ಸಾರು, ತವರಿಗೆ ಹೋದ ಉಪ್ಪು! ನಾನು ಬಾಗಿಲಿಗೆ ಒರಗಿ ನಿಂತು ಸೆರಗಿನಿಂದ ಕಣ್ಣೊರಸಿಕೊಂಡೆ. ನನ್ನನ್ನು ಅಷ್ಟು ಚೆಂದ ಯಾರೂ ಬೈದಿರಲಿಲ್ಲ.

ಒಂದೇ ದಿನಕ್ಕೆ ಎದ್ದು ಓಡಾಡಿದಳು ಎಂದು ಹೇಳಲಾರೆ, ಹಾಗೆ ಆಗುವುದೂ ಇಲ್ಲ. ಮೊದಲು ನಿದ್ದೆ ಬಂತು, ಆಮೇಲೆ ಹಸಿವು. ಎರಡೂ ಮನೆಯ ಜೋಳ ಗಿರಣಿಗೇ ಹೋಯಿತು. ಅತ್ತೆ ಆ ರೊಟ್ಟಿಯನ್ನು "ಇಂಜಿನ್ ರೊಟ್ಟಿ, ಎಣ್ಣಿ ವಾಸನಿ" ಎಂದು ಬೈಯುತ್ತಲೇ ಮೊದಲಿನಂತೆ ಎರಡು ಹೆಚ್ಚು ತಿಂದಳು. ಆದರೆ ಬೆಳಗಿನ ಜಾವ ಸಂಗವ್ವ ಬುಟ್ಟಿಯ ತಳದಲ್ಲಿ ಇಷ್ಟೇ ಇಷ್ಟು ಜೋಳ ಹಾಕಿಕೊಂಡು ಬರುವುದು ತಪ್ಪಲಿಲ್ಲ. ಅದನ್ನು ಬೀಸಿದ ಹಿಟ್ಟು ಯಾರಿಗೂ ಸಾಲುತ್ತಿರಲಿಲ್ಲ, ಯಾರಿಗೂ ಬೇಕೂ ಇರಲಿಲ್ಲ. ಮುರುಗೆಪ್ಪ ಒಂದು ದಿನ ಬಾವಿಕಟ್ಟೆಗೆ ಬಂದು ತಾಯಿಗೆ ಮತ್ತೆ ಪೇಟೆಯ ಮಾತು ತೆಗೆದ. ಸಂಗವ್ವ ಈ ಸಲ ಹೂಂ ಅನ್ನಲಿಲ್ಲ. "ನಿಮ್ಮ ಪ್ಯಾಟಿ ನಗ್ಲಿ ಬಿಡೊ. ನನಗ ನಿದ್ದಿ ಬೇಕಾಗೇತಿ," ಎಂದಳು. ಅವನು ಹೋದ.

ಆಮೇಲೆ ಒಂದು ದಿನ ಬೆಳಗ್ಗೆ ಡಾಕ್ಟರು ಓಣಿಯ ಆ ತುದಿಗೆ ಯಾರನ್ನೋ ನೋಡಿಕೊಂಡು ತಿರುಗಿ ಹೋಗುವವರು ನಮ್ಮ ಮನೆಯ ಮುಂದೆ ಟಾಂಗಾ ನಿಲ್ಲಿಸಿದರು. ಕಲ್ಲಿನ ಸಪ್ಪಳ ಅವರಿಗೆ ಬೀದಿಗೇ ಕೇಳಿತ್ತು. ಬೂಟು ಕಳಚಿ ದಡದಡ ಒಳಗೆ ಬಂದರು. ಕಲ್ಲಿನ ಮುಂದೆ ಇಬ್ಬರೂ ಗೂಟ ಹಿಡಿದು ಕೂತಿದ್ದಾರೆ. ಮುಖಕ್ಕೆಲ್ಲ ಹಿಟ್ಟು.

"ದಾನವ್ವಾರ! ಕಲ್ಲು ಮುಟ್ಟಬ್ಯಾಡ್ರಿ ಅಂತ ಹೇಳಿದ್ದಿಲ್ಲೇನು ನಾ? ಜೀವದ ಮ್ಯಾಲ ಆಸೆ ಇಲ್ಲೇನು?"

ನಾನು ಹೆದರಿದೆ. ಅತ್ತೆ ಹೆದರಲಿಲ್ಲ. ಕತ್ತೆತ್ತಿ, ಎಷ್ಟೋ ತಿಂಗಳ ಹಿಂದೆ ಬಾವಿಕಟ್ಟೆಯಲ್ಲಿ ಕೇಳಿ ಹಾಸಿಗೆ ಹಿಡಿದಿದ್ದಳಲ್ಲ, ಅದೇ ಮಾತನ್ನು ತನ್ನ ಬಾಯಿಂದಲೇ, ಮನೆತನದ ಹೆಚ್ಚುಗಾರಿಕೆ ಹೇಳುವವಳಂತೆ ಹೇಳಿದಳು: "ನಾ ಎಲ್ಲಿ ಬೀಸಾಕತ್ತೇನ್ರಿ ಡಾಕ್ಟರ? ಕಲ್ಲು ತಿರುವಾಕಿ ಆಕಿ. ನಾ ಬರೇ ಗೂಟ ಹಿಡಕೊಂಡು ಹಾಡಾಕಿ. ಬೇಕಾದ್ರ ಓಣ್ಯಾಗ ಕೇಳ್ರಿ, ಇಷ್ಟು ವರ್ಷಾನೂ ಹಂಗ!"

ಸಂಗವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ನಗು ತಡೆಯಲಾರದೆ ಆಕೆಯ ಹೆಗಲು ಕುಣಿಯುತ್ತಿತ್ತು. ಡಾಕ್ಟರು ಏನೂ ತಿಳಿಯದೆ ಕೂತು ಅತ್ತೆಯ ಕೈ ಹಿಡಿದು ನಾಡಿ ನೋಡಿದರು. ನೋಡಿದರು, ಮತ್ತೊಮ್ಮೆ ನೋಡಿದರು. "ಛಲೋ ಆಗೇತಲ್ಲ! ಔಷಧ ಹಿಡೀತು," ಎಂದರು. ಔಷಧದ ಬಾಟಲಿ ಹಿಂದಿನ ಗೋಡೆಯ ಮಾಡದಲ್ಲಿ ಬಾಯಿತನಕ ತುಂಬಿಯೇ ಇತ್ತು. ನಾನು ಅದಕ್ಕೆ ಅಡ್ಡ ನಿಂತೆ.

ಅವರು ಇನ್ನೂ ಕೈ ಹಿಡಿದುಕೊಂಡೇ ಕೂತಿದ್ದರು. ಸಂಗವ್ವ ನಗು ಒರಸಿಕೊಂಡು ಮೆಲ್ಲಗೆ ಹೇಳಿದಳು, "ಆಕಿ ಕೈ ಬಿಡ್ರಿ ಡಾಕ್ಟರ, ಹಾಡ್ಲಿ. ಆಕಿ ಹಾಡಲಿಲ್ಲಂದ್ರ ನನಗ ಕಲ್ಲು ಜಡಾ ಆಗತೈತಿ."